ಊರು ಬಿಟ್ಟವರ ಅನ್ನದ ಹಕ್ಕು

ರಾಯಚೂರು, ಯಾದಗಿರಿ, ಕಲಬುರಗಿಯ ಹಳ್ಳಿಗಳಲ್ಲಿ ‘ಗುಳೆ’ ಎಂಬ ಮಾತಿನ ಅರ್ಥವನ್ನು ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಪಾತ್ರೆ-ಹಾಸಿಗೆಗಳ ಗಂಟು ಕಟ್ಟಿಕೊಂಡು, ಕುಟುಂಬಗಳು ಬೆಂಗಳೂರು, ಗೋವಾ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಇತ್ತ ಅಸ್ಸಾಂ, ಝಾರ್ಖಂಡ್, ಒಡಿಶಾಗಳಿಂದ ಹೊರಟವರು ನಮ್ಮ ಕೊಡಗಿನ ಕಾಫಿ ತೋಟಗಳಿಗೂ ಕರಾವಳಿಯ ಪಟ್ಟಣಗಳಿಗೂ ಬಂದು ಸೇರುತ್ತಾರೆ. ಹೋಗುವವರಲ್ಲೂ ಬರುವವರಲ್ಲೂ ಎಷ್ಟೋ ಮಂದಿ ಊರಿನಲ್ಲೇ ಬಿಟ್ಟು ಬರುವ ವಸ್ತುವೊಂದಿದೆ: ಪಡಿತರ ಚೀಟಿ. ಪರರಾಜ್ಯದಲ್ಲಿ ಅದು ನಡೆಯದೆಂಬ ನಂಬಿಕೆಯೇ ಇದಕ್ಕೆ ಕಾರಣ. ಆ ನಂಬಿಕೆ ಒಂದು ಕಾಲಕ್ಕೆ ನಿಜವಾಗಿತ್ತು, ಈಗ ನಿಜವಲ್ಲ. ಆದರೆ ಚೀಟಿಯೊಂದಿದ್ದರೆ ಎಲ್ಲವೂ ತಾನಾಗಿಯೇ ಗಡಿ ದಾಟಿ ಬರುವುದೆಂಬುದೂ ನಿಜವಲ್ಲ. ಇವೆರಡರ ನಡುವಿನ ಸತ್ಯವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳಿತು.

ದಾನಕ್ಕೂ ಹಕ್ಕಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ದಾನವು ಕೊಡುವವನ ಮನೆಬಾಗಿಲಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಯಸುವವನು ಆ ಬಾಗಿಲಿಗೇ ಹೋಗಬೇಕು. ಹಕ್ಕಾದರೋ ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ಆತನು ಎಲ್ಲಿ ನಿಂತಿರುವನೋ ಅಲ್ಲಿಯೇ ಅದೂ ಇರಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಪಡಿತರವನ್ನು ಸರಕಾರದ ಕೃಪೆಯಿಂದ ಪ್ರಜೆಯ ಹಕ್ಕಿನ ಸ್ಥಾನಕ್ಕೆ ಏರಿಸಿತು. ಗ್ರಾಮೀಣ ಜನತೆಯಲ್ಲಿ ಶೇಕಡಾ 75ರವರೆಗೆ, ನಗರವಾಸಿಗಳಲ್ಲಿ ಶೇಕಡಾ 50ರವರೆಗೆ ಅದರ ವ್ಯಾಪ್ತಿ. ಆದ್ಯತಾ ಕುಟುಂಬಗಳಿಗೆ ತಿಂಗಳಿಗೆ ತಲಾ 5 ಕಿಲೋ ಧಾನ್ಯ. ಕಡುಬಡವರ ಅಂತ್ಯೋದಯ ಕುಟುಂಬಗಳಿಗೆ ಮನೆಗೆ 35 ಕಿಲೋ. 2023ರ ಜನವರಿಯಿಂದ ಈ ಧಾನ್ಯಕ್ಕೆ ಬೆಲೆಯನ್ನೂ ತೆಗೆದುಕೊಳ್ಳುತ್ತಿಲ್ಲ. 2024ರ ಜನವರಿಯಿಂದ ಐದು ವರ್ಷಗಳ ಕಾಲ ಉಚಿತ ವಿತರಣೆಯನ್ನು ಮುಂದುವರಿಸಲಾಗಿದೆ. ಇಷ್ಟಾದರೂ ಕಾಯಿದೆ ಬಂದ ಎಷ್ಟೋ ವರ್ಷಗಳವರೆಗೆ ಚೀಟಿಯು ಒಂದೇ ನ್ಯಾಯಬೆಲೆ ಅಂಗಡಿಗೆ ಕಟ್ಟುಬಿದ್ದಿತ್ತು. ಹಸಿವು ಮನುಷ್ಯನೊಡನೆ ಪ್ರಯಾಣ ಮಾಡುತ್ತಿತ್ತು. ಹಕ್ಕು ಮಾತ್ರ ಊರಿನಲ್ಲೇ ಉಳಿಯುತ್ತಿತ್ತು.

ಈ ವಿಪರ್ಯಾಸವನ್ನು ಸರಿಪಡಿಸಲು ಬಂದುದೇ ‘ಒಂದು ದೇಶ, ಒಂದು ಪಡಿತರ ಚೀಟಿ’ ಎಂಬ ವ್ಯವಸ್ಥೆ. 2019ರ ಆಗಸ್ಟ್ ತಿಂಗಳಲ್ಲಿ ಆಂಧ್ರಪ್ರದೇಶ-ತೆಲಂಗಾಣ ಹಾಗೂ ಗುಜರಾತ್-ಮಹಾರಾಷ್ಟ್ರಗಳ ನಡುವೆ ಅದು ಮೊದಲಾಯಿತು. 2020ರ ಜನವರಿ 1ರಿಂದ ಕರ್ನಾಟಕವೂ ಸೇರಿ 12 ರಾಜ್ಯಗಳು ಒಂದೇ ಜಾಲಕ್ಕೆ ಬಂದವು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ, ಕೆಲಸ ಕಳೆದುಕೊಂಡ ವಲಸಿಗರು ಹೆದ್ದಾರಿಗಳಲ್ಲಿ ಕಾಲ್ನಡಿಗೆಯಿಂದಲೇ ಊರಿನ ದಾರಿ ಹಿಡಿದುದನ್ನು ನಾವೆಲ್ಲರೂ ಕಂಡಿದ್ದೇವೆ. 2021ರ ಜೂನ್ 29ರಂದು ಸರ್ವೋಚ್ಚ ನ್ಯಾಯಾಲಯವು, ಉಳಿದ ರಾಜ್ಯಗಳೂ ಜುಲೈ 31ರೊಳಗೆ ಈ ವ್ಯವಸ್ಥೆಯನ್ನು ಜಾರಿಗೆ ತರಬೇಕೆಂದು ಆದೇಶಿಸಿತು. 2022ರ ಜೂನ್ ತಿಂಗಳಲ್ಲಿ ಕಡೆಯದಾಗಿ ಅಸ್ಸಾಂ ಸೇರಿದೊಡನೆ ಇಡೀ ದೇಶವೇ ಇದರ ವ್ಯಾಪ್ತಿಗೆ ಬಂದಿತು.

ಇದರ ನಡೆ ಸರಳವಾಗಿದೆ. ವಲಸೆ ಬಂದ ಊರಿನಲ್ಲಿ ಹೊಸ ಚೀಟಿ ಬೇಕಾಗಿಲ್ಲ, ಅರ್ಜಿಯೂ ಬೇಕಾಗಿಲ್ಲ. ಬೆರಳಚ್ಚು ಯಂತ್ರವಿರುವ ಯಾವುದೇ ನ್ಯಾಯಬೆಲೆ ಅಂಗಡಿಗೆ ಹೋಗಿ ಪಡಿತರ ಚೀಟಿಯ ಸಂಖ್ಯೆಯನ್ನಾಗಲಿ, ಆಧಾರ್ ಸಂಖ್ಯೆಯನ್ನಾಗಲಿ ಹೇಳಿ, ಚೀಟಿಯಲ್ಲಿ ಹೆಸರಿರುವ ಒಬ್ಬರು ಬೆರಳಚ್ಚು ಕೊಟ್ಟರೆ ಸಾಕು. ಕುಟುಂಬವು ಎರಡು ಕಡೆ ಹಂಚಿಹೋಗಿದ್ದರೂ ತೊಂದರೆಯಿಲ್ಲ. ಐದು ಮಂದಿಯ ಆದ್ಯತಾ ಕುಟುಂಬಕ್ಕೆ ತಿಂಗಳಿಗೆ 25 ಕಿಲೋ ಸಲ್ಲುತ್ತದೆ. ಗೋವಾದಲ್ಲಿ ದುಡಿಯುವ ಗಂಡ-ಹೆಂಡಿರು ಅಲ್ಲಿ 10 ಕಿಲೋ ಪಡೆದರೆ, ಊರಿನಲ್ಲಿರುವ ಅಜ್ಜಿ-ಮೊಮ್ಮಕ್ಕಳಿಗೆ ಉಳಿದ 15 ಕಿಲೋ ದೊರೆಯುತ್ತದೆ. ಆದರೆ ಇಬ್ಬರೂ ಪಡೆಯುವುದು ಒಂದೇ ಲೆಕ್ಕದಿಂದ. ದೂರದಲ್ಲಿದ್ದವರು ಎಲ್ಲವನ್ನೂ ಎತ್ತಿಕೊಂಡರೆ ಮನೆಯ ಮುದುಕಿ ಅಂಗಡಿಯಿಂದ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಆದುದರಿಂದ ಹೊರಡುವ ಮುನ್ನವೇ ಮನೆಮಂದಿ ಕುಳಿತು ಪಾಲನ್ನು ನಿಶ್ಚಯಿಸಿಕೊಳ್ಳುವುದು ಕ್ಷೇಮ.

ಗಡಿ ದಾಟದಿರುವುದು ಯಾವುದು ಎಂಬುದನ್ನೂ ಅರಿತಿರಬೇಕು. ಕೇಂದ್ರ ಕಾಯಿದೆಯ ಧಾನ್ಯ ಮಾತ್ರ ಎಲ್ಲೆಡೆ ಸಿಗುತ್ತದೆ. ರಾಜ್ಯವೊಂದು ತನ್ನ ಬೊಕ್ಕಸದಿಂದ ಸೇರಿಸಿ ಕೊಡುವುದು ಆ ರಾಜ್ಯದೊಳಗೇ ನಿಲ್ಲುತ್ತದೆ. ನಮ್ಮ ಅನ್ನಭಾಗ್ಯವನ್ನೇ ನೋಡಿ. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು 2023ರ ಜುಲೈಯಿಂದ ತಲಾ 170 ರೂಪಾಯಿ ನಗದು ಕೊಟ್ಟ ಕರ್ನಾಟಕ ಸರಕಾರವು 2025ರ ಫೆಬ್ರವರಿಯಿಂದ ಅಕ್ಕಿಯನ್ನೇ ಕೊಡತೊಡಗಿತು. ಆ ಹೆಚ್ಚುವರಿಯನ್ನು ಪುಣೆಯ ಅಂಗಡಿಯಲ್ಲಿ ಕೇಳಲಾಗದು. ಹಾಗೆಯೇ ಕೇಂದ್ರ ಕಾಯಿದೆಯ ಹೊರಗೆ ರಾಜ್ಯವೇ ಕೊಟ್ಟ ಚೀಟಿಗಳೂ ಪರರಾಜ್ಯದಲ್ಲಿ ನಡೆಯವು. ಅಂಗಡಿಯವನು ಕೊಡಲಿಲ್ಲವೆಂದು ಜಗಳಕ್ಕೆ ನಿಲ್ಲುವ ಮೊದಲು ನಮ್ಮ ಚೀಟಿ ಯಾವ ವರ್ಗದ್ದೆಂದು ನೋಡಿಕೊಳ್ಳಬೇಕು.

ಇನ್ನೊಂದು ತೊಡಕು ಬೆರಳಿನದು. ಇಟ್ಟಿಗೆ, ಸಿಮೆಂಟು, ಕಲ್ಲುಗಳೊಡನೆ ದುಡಿದ ಕೈಯ ಗೆರೆಗಳು ಸವೆದುಹೋಗಿ ಯಂತ್ರವು ಅವನ್ನು ಗುರುತಿಸದಿರುವುದುಂಟು. ಆಗ ಚೀಟಿಯಲ್ಲಿರುವ ಬೇರೊಬ್ಬರು ಪ್ರಯತ್ನಿಸಬಹುದು. ಚೀಟಿಗೆ ಎಲ್ಲರ ಆಧಾರ್ ಜೋಡಣೆಯಾಗಿರುವುದೂ ‘ಇ-ಕೆವೈಸಿ’ ಎಂಬ ಗುರುತು ಪರಿಶೀಲನೆ ಮುಗಿದಿರುವುದೂ ಅಗತ್ಯ. ಅದಕ್ಕಾಗಿ ಕೂಲಿ ಬಿಟ್ಟು ಊರಿಗೆ ಓಡಬೇಕಾಗಿಲ್ಲ; ಇರುವಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಮಾಡಿಸಬಹುದೆಂದು ಕೇಂದ್ರ ಸರಕಾರ ತಿಳಿಸಿದೆ. 2025ರ ಜುಲೈಯಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಆರು ತಿಂಗಳು ಧಾನ್ಯವನ್ನೇ ಪಡೆಯದ ಚೀಟಿಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ಬಳಿಕ ಪರಿಶೀಲನೆ ನಡೆಸಲಾಗುತ್ತದೆ. ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಗುಳೆ ಹೋದ ಕುಟುಂಬವು ಮರಳಿ ಬಂದಾಗ ಊರಿನಲ್ಲೂ ಧಾನ್ಯ ಸಿಗದ ಸ್ಥಿತಿ ಹೀಗೆ ಒದಗಬಹುದು.

ಅಕ್ಕಿಯೊಂದರಿಂದಲೇ ಮಗು ಬೆಳೆಯದು. ಗರ್ಭಿಣಿಯರಿಗೆ ಹಾಗೂ ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಯರಿಗೆ, ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯ ಮೂಲಕ ಉಚಿತ ಪೌಷ್ಟಿಕ ಆಹಾರವೂ ಇದೇ ಕಾಯಿದೆಯ ಹಕ್ಕು. ಅದಕ್ಕೆ ಪಡಿತರ ಚೀಟಿಯನ್ನಾಗಲಿ ಬಡತನದ ಪ್ರಮಾಣಪತ್ರವನ್ನಾಗಲಿ ತೋರಿಸಬೇಕಾಗಿಲ್ಲ. ಆದರೆ ಇದು ಅಕ್ಕಿಯಂತೆ ತಾನಾಗಿಯೇ ಸಿಗದು. ಹೊಸ ಊರಿನ ಅಂಗನವಾಡಿಗೆ ಹೋಗಿ ಹೆಸರು ಹೇಳಿಕೊಳ್ಳಲೇಬೇಕು. 2021ರ ಮಾರ್ಚ್ ತಿಂಗಳಲ್ಲಿ ಬಂದ ‘ಪೋಷಣ್ ಟ್ರ್ಯಾಕರ್’ ಎಂಬ ಗಣಕ ವ್ಯವಸ್ಥೆಯಲ್ಲಿ ಒಂದು ಅಂಗನವಾಡಿಯ ದಾಖಲೆಯನ್ನು ಮತ್ತೊಂದಕ್ಕೆ, ಪರರಾಜ್ಯಕ್ಕೂ ವರ್ಗಾಯಿಸಲು ಅವಕಾಶವಿದೆ. ಹೊರಡುವ ಮುನ್ನ ಊರಿನ ಕಾರ್ಯಕರ್ತೆಗೆ ತಿಳಿಸಿ, ಆಧಾರ್, ತಾಯಿ ಕಾರ್ಡ್ ಮತ್ತು ಮಗುವಿನ ಲಸಿಕೆಯ ಚೀಟಿಗಳನ್ನು ಜತೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಶಾಲೆಗೆ ಹೋಗುವ ಮಗುವಿನ ಮಧ್ಯಾಹ್ನದ ಊಟವು ಶಾಲೆಯ ಪ್ರವೇಶದೊಡನೆ ಬರುತ್ತದೆ. ವರ್ಗಾವಣೆ ಪತ್ರ ಬರಲು ತಡವಾಯಿತೆಂಬ ಕಾರಣಕ್ಕೆ ಸರಕಾರಿ ಅಥವಾ ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಸ್ಪಷ್ಟವಾಗಿ ಹೇಳಿದೆ.

ಶಾಶ್ವತವಾಗಿ ನೆಲೆಸಲು ಹೋಗುವವರಿಗೆ ಒಂದು ಎಚ್ಚರಿಕೆಯ ಮಾತು. ಎರಡು ರಾಜ್ಯಗಳ ಚೀಟಿಗಳಲ್ಲಿ ಒಬ್ಬರ ಹೆಸರು ಇರಕೂಡದು. ಹಾಗೆಂದು ಹಳೆಯ ಚೀಟಿಯನ್ನು ಮೊದಲೇ ರದ್ದುಮಾಡಿಸುವುದು ಜಾಣತನವಲ್ಲ. ಪ್ರತಿಯೊಂದು ರಾಜ್ಯಕ್ಕೂ ಫಲಾನುಭವಿಗಳ ಮಿತಿಯೊಂದಿದೆ. ಅದು ಇಂದಿಗೂ 2011ರ ಜನಗಣತಿಯನ್ನೇ ಆಧರಿಸಿದೆ. ಆದಕಾರಣ ಹೊಸ ಚೀಟಿ ಕೈಸೇರಲು ಬಹುಕಾಲ ಹಿಡಿಯಬಹುದು. ಅಲ್ಲಿಯ ನಿಯಮವನ್ನು ಆಹಾರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಂಡು, ಅಲ್ಲಿಯವರೆಗೆ ಹಳೆಯ ಚೀಟಿಯ ಮೇಲೆಯೇ ಧಾನ್ಯ ಪಡೆಯುತ್ತಿರುವುದು ಲೇಸು. ಯಾರಾದರೂ ಅನ್ಯಾಯವಾಗಿ ನಿರಾಕರಿಸಿದರೆ 14445 ಅಥವಾ 1967 ಸಹಾಯವಾಣಿಗೆ ಕರೆ ಮಾಡಬಹುದು. ಕಾಯಿದೆಯ ಪ್ರಕಾರ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಕೊಡಬಹುದು.

ಈ ಮಾಹಿತಿಯು ನಿಜವಾಗಿ ತಲುಪಬೇಕಾದವರು ಬಹುಶಃ ಈ ಪುಟವನ್ನು ಓದಲಾರರು. ಕನ್ನಡ ಬಾರದ ತೋಟದ ಕೂಲಿಯಾಳು, ಪಕ್ಕದ ಕಟ್ಟಡದ ಕಾವಲುಗಾರನ ಹೆಂಡತಿ, ನಮ್ಮ ಮನೆಯ ಕೆಲಸಕ್ಕೆ ಬರುವ ಹೆಣ್ಣುಮಗಳು ಅಂಗಡಿಯ ಬಾಗಿಲಿನಲ್ಲಿ ಒಮ್ಮೆ ‘ಇಲ್ಲ’ ಎನಿಸಿಕೊಂಡರೆ ಮತ್ತೊಮ್ಮೆ ಕೇಳುವ ಧೈರ್ಯ ಮಾಡಲಾರರು. ಓದಬಲ್ಲ ಕುಟುಂಬಗಳ ಮೇಲೆ ಆದುದರಿಂದ ಒಂದು ಹೊಣೆಯಿದೆ. ಅವರಿಗೆ ಒಂದು ಸೇರು ಅಕ್ಕಿ ಅಳೆದು ಕೊಡುವುದು ಒಳ್ಳೆಯದೇ. ಆದರೆ ಅದು ಕೊಟ್ಟಂದಿಗೇ ಮುಗಿಯುತ್ತದೆ. ಅವರೊಡನೆ ನ್ಯಾಯಬೆಲೆ ಅಂಗಡಿಯವರೆಗೆ ನಡೆದು, ಅವರ ಪರವಾಗಿ ನಾಲ್ಕು ಮಾತನಾಡಿ, ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿ ಬಂದರೆ ಅದು ತಿಂಗಳು ತಿಂಗಳೂ ಫಲ ಕೊಡುತ್ತದೆ. ತಾನು ಭಿಕ್ಷೆ ಬೇಡುತ್ತಿಲ್ಲ, ತನಗೆ ಸಲ್ಲಬೇಕಾದುದನ್ನು ಪಡೆಯುತ್ತಿದ್ದೇನೆ ಎಂಬ ಭಾವದಿಂದ ಆಕೆ ತಲೆಯೆತ್ತಿ ಸಾಲಿನಲ್ಲಿ ನಿಲ್ಲುವಂತಾಗುವುದು ಅಕ್ಕಿಗಿಂತಲೂ ದೊಡ್ಡ ಲಾಭ.