ಮೂಲೆಯ ಮೊದಲ ಕವರ್

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಅಂಥದ್ದೊಂದು ಮೂಲೆ ಇದ್ದೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ, ಖಾಲಿ ಸೈಟಿನ ಎದುರಿಗೆ, ಇಲ್ಲವೇ ಪಾರ್ಕಿನ ಕಾಂಪೌಂಡ್ ಬದಿಯಲ್ಲಿ. ಅಲ್ಲಿ ಕಸದ ತೊಟ್ಟಿ ಇರುವುದಿಲ್ಲ. ‘ಇಲ್ಲಿ ಕಸ ಹಾಕಬಾರದು’ ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದಿರುತ್ತದೆ ಬೇರೆ. ಆದರೂ ಬೆಳಗಾಗುವಷ್ಟರಲ್ಲಿ ಕವರ್‌ಗಳ ರಾಶಿ. ಯಾರನ್ನು ಕೇಳಿದರೂ ಒಂದೇ ಉತ್ತರ: “ಎಲ್ರೂ ಹಾಕ್ತಾರಲ್ಲ?”

ಈ ‘ಎಲ್ರೂ’ ಅಂದರೆ ಯಾರು? ಒಂದು ಕಾಲದಲ್ಲಿ ಆ ಜಾಗವೂ ಚೊಕ್ಕಟವಾಗಿಯೇ ಇತ್ತಲ್ಲ. ಯಾವತ್ತೋ ಒಂದು ದಿನ ಯಾರೋ ಒಬ್ಬರು ಮೊದಲ ಕವರ್ ಇಟ್ಟು ಹೋಗಿರಬೇಕು. ಅವರು ಕೆಟ್ಟವರೇ ಆಗಿರಬೇಕೆಂದಿಲ್ಲ. ಕಸದ ಆಟೋ ಬರುವ ಹೊತ್ತಿಗೆ ಕೆಲಸಕ್ಕೆ ಹೊರಟಿದ್ದಿರಬಹುದು, ಅಥವಾ ಎರಡು ದಿನದಿಂದ ಆಟೋನೇ ಬಂದಿರಲಿಕ್ಕಿಲ್ಲ. ಆದರೆ ಅವರ ಕಷ್ಟ ಮುಂದಿನವರಿಗೆ ಕಾಣುವುದಿಲ್ಲ, ಕಾಣುವುದು ಕವರ್ ಮಾತ್ರ. ಅದು ‘ಇಲ್ಲಿ ಇಡಬಹುದು’ ಅಂತ ಹೇಳುತ್ತದೆ. ಗೋಡೆಯ ಬರಹಕ್ಕಿಂತ ಆ ಕವರಿನ ಮಾತೇ ಜನರಿಗೆ ಬೇಗ ಕೇಳಿಸುತ್ತದೆ.

ಇದು ಬರೀ ನನ್ನ ಊಹೆಯಲ್ಲ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಊರಿನಲ್ಲಿ ಕೆಲವು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಸೈಕಲ್ ನಿಲ್ಲಿಸುವ ಒಂದು ಓಣಿಯಲ್ಲಿ ಪ್ರತಿ ಸೈಕಲ್ಲಿನ ಹ್ಯಾಂಡಲ್‌ಗೂ ಒಂದು ಜಾಹೀರಾತು ಚೀಟಿ ಸಿಕ್ಕಿಸಿದರು. ಹತ್ತಿರದಲ್ಲಿ ಕಸದ ಡಬ್ಬ ಇರಲಿಲ್ಲ. ಓಣಿಯ ಗೋಡೆ ಚೊಕ್ಕಟವಾಗಿದ್ದಾಗ 100ಕ್ಕೆ 33 ಜನ ಆ ಚೀಟಿಯನ್ನು ನೆಲಕ್ಕೆ ಎಸೆದರು. ಅದೇ ಗೋಡೆ ಮೇಲೆ ಗೀಚಿಟ್ಟಾಗ ಹಾಗೆ ಎಸೆದವರು 100ಕ್ಕೆ 69 ಜನ! ಜಾಗ ಅದೇ, ಚೀಟಿ ಅದೇ, ಬದಲಾಗಿದ್ದು ಗೋಡೆಯಷ್ಟೇ. ಇನ್ನೊಂದು ಪರೀಕ್ಷೆಯಲ್ಲಿ ಅಂಚೆ ಡಬ್ಬದ ಬಾಯಲ್ಲಿ 5 ಯೂರೋ ನೋಟು ಕಾಣುವ ಹಾಗೆ ಲಕೋಟೆ ಇಟ್ಟರು. ಡಬ್ಬ ಚೆನ್ನಾಗಿದ್ದಾಗ ಅದನ್ನು ಎತ್ತಿಕೊಂಡು ಹೋದವರು 100ಕ್ಕೆ 13 ಜನ. ಡಬ್ಬದ ಮೇಲೆ ಗೀಚಿದ್ದಾಗ 27. ಗೀಚಿದವನು ಯಾರಿಗೂ ಕಳ್ಳತನ ಮಾಡು ಅಂತ ಹೇಳಿರಲಿಲ್ಲ, ನೋಡಿ. 2008ರಲ್ಲಿ ಈ ಅಧ್ಯಯನ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲೂ ಇದೇ ಕಥೆ. ಒಂದು ಫೈಲಿನಲ್ಲಿ ಯಾರೋ ಅವಸರಕ್ಕೆ ‘ಆಮೇಲೆ ಸರಿ ಮಾಡೋಣ’ ಅಂತ ಬರೆದು ಬಿಟ್ಟಿದ್ದರೆ, ಆರು ತಿಂಗಳಲ್ಲಿ ಅಂಥ ಹತ್ತು ಸಾಲು ಸೇರಿರುತ್ತವೆ. ಹೊಸದಾಗಿ ಸೇರಿದ ಹುಡುಗರು ನಿಯಮಗಳ ಪುಸ್ತಕ ಓದುವುದಿಲ್ಲ, ಮುಂಚೆ ಇದ್ದವರು ಹೇಗೆ ಬರೆದಿದ್ದಾರೆ ಅಂತ ನೋಡುತ್ತಾರೆ. ಮನೆಯಲ್ಲಿ ಮಕ್ಕಳೂ ಹಾಗೇ ಅಲ್ಲವೇ? ನಾವು ಹೇಳಿದ್ದನ್ನು ಮರೆತಾರು, ಮಾಡಿದ್ದನ್ನು ಮರೆಯುವುದಿಲ್ಲ.

ಇಷ್ಟೆಲ್ಲ ಯೋಚನೆ ಶುರುವಾಗಿದ್ದು ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಅಕ್ಕನಿಂದ. ಒಂದು ಸೋಮವಾರ ಅವರ ಬಲಗೈಗೆ ಬಟ್ಟೆ ಸುತ್ತಿತ್ತು. “ಏನಾಯ್ತು ಅಕ್ಕ?” ಅಂದೆ. “ಗಾಜು ಚುಚ್ತು ಸಾರ್. ಕವರೊಳಗೆ ಏನೈತೆ ಅಂತ ನಮ್ಗೆ ಹೆಂಗ್ ಗೊತ್ತಾಗ್ಬೇಕು?” ಅಂದರು. ರಜೆ ಹಾಕಬಹುದಿತ್ತಲ್ಲ ಅಂತ ಕೇಳಿದ್ದಕ್ಕೆ ನಕ್ಕು, ಗಾಡಿ ತಳ್ಳಿಕೊಂಡು ಮುಂದೆ ಹೋದರು.

ಆ ಮಾತು ಕೇಳಿಸಿಕೊಂಡ ಎದುರು ಮನೆಯ ನಿವೃತ್ತ ಮೇಷ್ಟ್ರು ಸಭೆ ಕರೆಯಲಿಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಭಾಷಣವನ್ನೂ ಮಾಡಲಿಲ್ಲ. ಮುಂದಿನ ಸಲ ಅವರ ಮನೆಯಲ್ಲಿ ಲೋಟ ಒಡೆದಾಗ ಚೂರುಗಳನ್ನು ನಾಲ್ಕು ಪದರ ದಿನಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಗಾಜು’ ಅಂತ ಬರೆದು, ಆ ಪೊಟ್ಟಣವನ್ನು ಅಕ್ಕನ ಕೈಗೇ ಕೊಟ್ಟರು. ಗೇಟಿನ ಬಳಿ ನಿಂತಿದ್ದ ನಮ್ಮ ಅಮ್ಮ ಅದನ್ನು ನೋಡಿದರು. ನಮ್ಮ ಮನೆಯಲ್ಲೂ ಶುರುವಾಯಿತು. ಆಮೇಲೆ ಮೇಲಿನ ಮನೆಯವರು, ಪಕ್ಕದ ಪಿಜಿಯ ಅಡುಗೆಯವರು. ಈಗ ಒಂದು ಮನೆಯವರು ಶೇವಿಂಗ್ ಬ್ಲೇಡನ್ನೂ ಹಳೇ ಔಷಧದ ಡಬ್ಬಿಯಲ್ಲಿ ಹಾಕಿಟ್ಟು ಕೊಡುತ್ತಾರಂತೆ. ಎಲ್ಲ ಮನೆಯವರೂ ಮಾಡುತ್ತಾರೆ ಅಂತ ಹೇಳಲಾರೆ. ಆದರೆ ಮೇಷ್ಟ್ರು ಯಾರಿಗೂ ‘ಹೀಗೆ ಮಾಡಿ’ ಅಂದಿರಲಿಲ್ಲ ಅನ್ನೋದು ಮಾತ್ರ ನಿಜ.

ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಬೇರೆ ಬೇರೆ ಮಾಡಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ಸ್ಯಾನಿಟರಿ ಪ್ಯಾಡ್, ಡೈಪರ್‌ಗಳನ್ನು ಸುತ್ತಿಯೇ ಕೊಡಬೇಕು ಅಂತಲೂ ಅದರಲ್ಲಿತ್ತು. ಆದರೆ ನಮ್ಮ ಬೀದಿಗೆ ಪಾಠ ಕಲಿಸಿದ್ದು ಆ ನಿಯಮವಲ್ಲ, ಕೆಂಪು ಅಕ್ಷರದ ಒಂದು ಪೊಟ್ಟಣ.

ನಮ್ಮ ಊರಿನ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ಮಾಡುವುದೂ ಇದನ್ನೇ. ತಮ್ಮ ಹೆಸರು ಹೇಳಿಕೊಳ್ಳದೆ, ಕಸದ ಮೂಲೆಗಳನ್ನು ಗುಡಿಸಿ, ಗೋಡೆಗೆ ಬಣ್ಣ ಹೊಡೆದು, ಹೂವಿನ ಕುಂಡ ಇಟ್ಟು ಹೋಗುತ್ತಾರೆ. ಕಸ ಬೀಳುವ ಜಾಗದಲ್ಲಿ ರಂಗೋಲಿ ಹಾಕುವುದನ್ನೂ ನೀವು ನೋಡಿರಬಹುದು. ರಂಗೋಲಿ ಮೇಲೆ ಕವರ್ ಎಸೆಯುವುದಕ್ಕೆ ಕೈ ಸ್ವಲ್ಪ ಹಿಂಜರಿಯುತ್ತದೆ. ಗ್ರೋನಿಂಗನ್ ಸಂಶೋಧಕರು 2013ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು: ಯಾರಾದರೂ ಎದುರಿಗೇ ಶುಚಿ ಮಾಡುವುದನ್ನು ಕಂಡವರು ಬೇರೆಯವರಿಗೆ ನೆರವಾಗಲು ಹೆಚ್ಚು ಮುಂದೆ ಬರುತ್ತಾರೆ ಅಂತ. ಅಂದರೆ ಒಳ್ಳೆಯದನ್ನು ನಾಲ್ಕು ಜನರಿಗೆ ಕಾಣುವ ಹಾಗೆ ಮಾಡಿದರೆ ಅದು ಜಂಬವೇನಲ್ಲ.

ಹಾಗಂತ ಎಲ್ಲವೂ ನಮ್ಮ ಕೈಯಲ್ಲೇ ಇದೆ ಅನ್ನೋದೂ ತಪ್ಪು. ಆಟೋ ದಿನಾ ಬರಬೇಕು, ಪೌರಕಾರ್ಮಿಕರಿಗೆ ಗಟ್ಟಿ ಗ್ಲೌಸ್ ಸಿಗಬೇಕು. ಅದನ್ನು ಕೇಳುತ್ತಲೇ ಇರಬೇಕು. ಆದರೆ ಅದು ಬರುವ ತನಕ ಕಾಯಬೇಕಾಗಿಲ್ಲದ ಕೆಲಸವೂ ಇದೆ.

ನಾಳೆ ನಿಮ್ಮ ಮನೆಯಲ್ಲಿ ಲೋಟ ಒಡೆದರೆ ಹಳೇ ಪೇಪರ್ ಒಂದನ್ನು ತೆಗೆದುಕೊಳ್ಳಿ. ಮೇಲೆ ‘ಗಾಜು’ ಅಂತ ಬರೆಯಿರಿ. ಅದನ್ನು ಓದುವವರು ಒಬ್ಬರೇ ಇರಬಹುದು, ನೋಡುವವರು ಮಾತ್ರ ಬಹಳ ಜನ.