ಹೊಸದಾಗಿ ವಿಂಡೋಸ್ ಹಾಕಿಸಿದ ಮೇಲೆ ಲಾಗಿನ್ ಪರದೆ

ಆಳುಗಳ ಹಾಜರಿ, ಮಂಡಿಯ ಪಟ್ಟಿ, ಗೊಬ್ಬರದ ಖರ್ಚು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದಿಡುವ ಬೆಳೆಗಾರರು ಈಗ ನಮ್ಮಲ್ಲಿ ಕಡಿಮೆಯೇನಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ, ಯಂತ್ರವನ್ನು ಪೇಟೆಯ ರಿಪೇರಿ ಅಂಗಡಿಗೆ ಒಯ್ದು ವಿಂಡೋಸ್ 11 ಹಾಕಿಸುವವರೂ ಉಂಟು. ಮನೆಗೆ ತಂದು ಗುಂಡಿ ಒತ್ತಿದರೆ ಮೊದಲಿನ ಪರದೆ ಇರುವುದಿಲ್ಲ. ಹಳೆಯ ಹೆಸರು ಕಾಣದು, ಹಳೆಯ ಪಾಸ್‌ವರ್ಡ್ ನಡೆಯದು, ಪಿನ್ ಕೊಡಿ ಎನ್ನುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಾದ್ದಿಲ್ಲ. ಇದು ಕಸಿ ಕಟ್ಟಿದ್ದಲ್ಲ, ಹಳೇ ಗಿಡವನ್ನು ಬುಡಸಮೇತ ಕಿತ್ತು ಹೊಸ ಸಸಿ ನೆಟ್ಟದ್ದು. ಹಳೆಯ ಏರ್ಪಾಡು ಯಾವುದೂ ಉಳಿದಿರುವುದಿಲ್ಲ.

ಪಿನ್ ಎಂಬುದು ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ವಿಂಡೋಸ್ ಹೊಸದಾಗಿ ಹಾಕಿದಾಗಲೆಲ್ಲ ಅದನ್ನೂ ಹೊಸದಾಗಿಯೇ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಇಲ್ಲದಿದ್ದರೂ ಪಿನ್ ಕೆಲಸ ಮಾಡುತ್ತದೆಯಾದ್ದರಿಂದ ನಮ್ಮ ಕಡೆಗೆ ಅನುಕೂಲವೇ. ಪಾಸ್‌ವರ್ಡೇ ಬೇಕೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಪ್ಷನ್ಸ್ ತೆರೆದು, ವಿಂಡೋಸ್ ಹಲೋ ಒಂದನ್ನೇ ಬಿಡುವ ಸ್ವಿಚ್ಚನ್ನು ಆರಿಸಿದರೆ ಸಾಕು.

ನಾವು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಆ ಪರದೆಯ ಮೇಲಿರುವ ಹೆಸರು ಯಾರದು?

ಹೊಸ ವಿಂಡೋಸ್ ಹಾಕುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಬೆಳೆಗಾರ ಎದುರಿಗಿಲ್ಲ, ಫೋನು ಸಿಗುತ್ತಿಲ್ಲ ಎಂದಾಗ ಅಂಗಡಿಯವರು ತಮ್ಮದೇ ಇ-ಮೇಲ್ ಕೊಟ್ಟು ಕೆಲಸ ಮುಗಿಸುವುದುಂಟು. ದುರುದ್ದೇಶವಿರಲಾರದು, ಅವಸರವಷ್ಟೆ. ಆದರೆ 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದೀಚೆಗೆ, ಹೊಸದಾಗಿ ಹಾಕಿ ಇಂಥ ಖಾತೆಯಿಂದ ಒಳಹೊಕ್ಕರೆ ಹೆಚ್ಚಿನ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಗುಪ್ತಲಿಪಿಯ ಬೀಗ ಬೀಳುತ್ತದೆ. ಆ ಬೀಗದ 48 ಅಂಕಿಗಳ ರಿಕವರಿ ಕೀ ಹೋಗಿ ಸೇರುವುದು ಅದೇ ಖಾತೆಗೆ. ಮುಂದೊಂದು ದಿನ ಮದರ್‌ಬೋರ್ಡ್ ಬದಲಿಸಿದಾಗಲೋ ಬಯೋಸ್ ಅಪ್‌ಡೇಟ್ ಆದಾಗಲೋ ಯಂತ್ರವು ನೀಲಿ ಪರದೆ ತೋರಿಸಿ ಆ ಅಂಕಿಗಳನ್ನು ಕೇಳಬಹುದು. ಅಷ್ಟರಲ್ಲಿ ಅಂಗಡಿ ಮುಚ್ಚಿದ್ದರೆ? ಕೀ ಇಲ್ಲದೆ ಡಿಸ್ಕಿನಲ್ಲಿರುವ ಲೆಕ್ಕಪತ್ರ ತೆಗೆಯಲು ಮೈಕ್ರೋಸಾಫ್ಟಿನವರಿಂದಲೂ ಆಗುವುದಿಲ್ಲ.

ಆದುದರಿಂದ ಅಂಗಡಿಯಲ್ಲೇ ನಿಂತು ಸ್ವಂತ ಇ-ಮೇಲ್‌ನಲ್ಲಿ ಖಾತೆ ಮಾಡಿಸತಕ್ಕದ್ದು. ಈಗಾಗಲೇ ಹಾಕಿಸಿದ್ದಾಗಿದ್ದರೆ ಅಕೌಂಟ್ಸ್‌ನೊಳಗೆ ಯುವರ್ ಇನ್ಫೋ ನೋಡಿರಿ. ಬೇರೆಯವರ ವಿಳಾಸವಿದ್ದರೆ ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿರಿ. ಬಳಿಕ ಪ್ರೈವೆಸಿ ಅಂಡ್ ಸೆಕ್ಯುರಿಟಿ ಎಂಬಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆರಿಸಿ, ಅದು ಪೂರ್ತಿ ಮುಗಿಯುವ ತನಕ ಕಾಯಬೇಕು. ದೊಡ್ಡ ಡಿಸ್ಕಾದರೆ ಕೆಲವು ತಾಸು ಹಿಡಿದೀತು, ನಡುವೆ ಕರೆಂಟು ಹೋಗದ ದಿನ ನೋಡಿಕೊಳ್ಳುವುದು ಒಳಿತು. ಮುಗಿದ ಮೇಲೆ ಯುವರ್ ಇನ್ಫೋದಲ್ಲೇ ಲೋಕಲ್ ಅಕೌಂಟಿಗೆ ಬದಲಾಯಿಸಿ, ನಂತರ ನಿಮ್ಮ ಇ-ಮೇಲ್‌ನಿಂದ ಸೈನ್-ಇನ್ ಆಗಿ, ಎನ್‌ಕ್ರಿಪ್ಷನ್ ಮತ್ತೆ ಹಾಕಿರಿ. ಹೊಸ ಕೀ ನಿಮ್ಮ ಖಾತೆಗೆ ಬಂದಿದೆಯೇ ಎಂದು ನೋಡಿ, ಆರು ಅಂಕಿಗಳ ಎಂಟು ಗುಂಪನ್ನೂ ಕಾಗದಕ್ಕೆ ಬರೆದು, ಪಹಣಿ, ಸಾಲದ ಪಾಸ್‌ಬುಕ್ ಇಡುವ ಕಡೆ ಇಡುವುದು.

ಇನ್ನು ಸಣ್ಣಪುಟ್ಟವು. ಪಿನ್ ಸರಿಯಿದ್ದೂ ಅಂಕಿ ಮೂಡದಿದ್ದರೆ ನಮ್ ಲಾಕ್ ಆರಿದೆಯೇ ನೋಡಿರಿ. ಪಾಸ್‌ವರ್ಡ್ ತಪ್ಪೆನ್ನುತ್ತಿದ್ದರೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಕೀಲಿಮಣೆ ಕನ್ನಡಕ್ಕಿದೆಯೋ ಇಂಗ್ಲಿಷಿಗಿದೆಯೋ ನೋಡಿರಿ. ಕಾಣದ ದೇಶದ ಬೆಟ್ಟ ಸಮುದ್ರಗಳ ಚಿತ್ರ ಬೇಡವಾದರೆ ಪರ್ಸನಲೈಸೇಷನ್‌ನಲ್ಲಿ ಲಾಕ್ ಸ್ಕ್ರೀನ್ ತೆರೆದು ಪಿಕ್ಚರ್ ಎಂದು ಆರಿಸಿ, ನಿಮ್ಮ ತೋಟದ ಹೂವಾದ ದಿನದ ಪಟವನ್ನೇ ಹಾಕಿಕೊಳ್ಳಬಹುದು.