ಹಸಿರಿದ್ದರೆ ಸಾಲದು, ಹೂವೂ ಬೇಕು

ಇಂಗ್ಲೆಂಡಿನಲ್ಲಿರುವ ನಮ್ಮ ಮನೆಗಳಿಗೆ ಬಂದುಹೋಗುವ ಊರಿನ ಹಿರಿಯರು ಇಲ್ಲಿನ ಹಸಿರನ್ನು ಹೊಗಳದೆ ಇರುವುದಿಲ್ಲ. ರೈಲಿನ ಕಿಟಕಿಯಾಚೆ ಮೈಲಿಗಟ್ಟಲೆ ಹುಲ್ಲು, ಅದರಲ್ಲಿ ಮೇಯುವ ಕುರಿ, ಹಸುಗಳು. ‘ಇಂಥ ಮೇವು ನಮ್ಮ ದನಗಳಿಗೆ ಸಿಕ್ಕಿದ್ದರೆ’ ಎಂಬ ಮಾತು ಬಂದೇ ಬರುತ್ತದೆ. ಆದರೆ ಆ ಹಸಿರಿನ ಬಹುಭಾಗ ರೈಗ್ರಾಸ್‌ನಂಥ ಒಂದೆರಡು ಜಾತಿಯ ಹುಲ್ಲು ಮಾತ್ರ. ಅಲ್ಲಿ ಹೂವು ಕಡಿಮೆ. ಹೂವಿಲ್ಲದ ಕಡೆ ಜೇನಿಗೂ ಚಿಟ್ಟೆಗೂ ಕೆಲಸವಿಲ್ಲ.

ಮೊದಲು ಹೀಗಿರಲಿಲ್ಲ. 1930ರ ದಶಕದಿಂದ 1980ರ ದಶಕದೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ ತಮ್ಮ ಹೂವಿನ ಹುಲ್ಲುಗಾವಲುಗಳಲ್ಲಿ ಸುಮಾರು ಶೇ 97ರಷ್ಟನ್ನು ಕಳೆದುಕೊಂಡವು. ಎರಡನೇ ಮಹಾಯುದ್ಧದ ಕಾಲದಲ್ಲಿ ಆಹಾರಕ್ಕಾಗಿ ನೆಲ ಉಳುಮೆಯಾಯಿತು. ಉಳಿದದ್ದಕ್ಕೆ ಮೇವಿನ ಇಳುವರಿ ಹೆಚ್ಚಿಸಲೆಂದು ರಾಸಾಯನಿಕ ಗೊಬ್ಬರ ಬಿತ್ತು.

ಗೊಬ್ಬರ ಹಾಕಿದರೆ ನೆಲ ಬಡವಾಗುತ್ತದೆಯೇ? ಬೇಸಾಯದ ಮನೆಯಿಂದ ಬಂದ ನಮಗೆ ನಂಬಲು ಕಷ್ಟ. ಲಂಡನ್ನಿನ ಉತ್ತರಕ್ಕಿರುವ ಹಾರ್ಪೆಂಡನ್‌ನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿನ ‘ಪಾರ್ಕ್ ಗ್ರಾಸ್’ ಪ್ರಯೋಗ 1856ರಲ್ಲಿ ಶುರುವಾಗಿ ಇಂದಿಗೂ ನಡೆದಿದೆ. ಒಂದೇ ಹುಲ್ಲುಗಾವಲನ್ನು ತುಂಡುತುಂಡಾಗಿ ವಿಂಗಡಿಸಿ, ಕೆಲವಕ್ಕೆ ಬಗೆಬಗೆಯ ಗೊಬ್ಬರ ಕೊಟ್ಟು, ಕೆಲವಕ್ಕೆ ಏನೂ ಕೊಡದೆ ಬಿಟ್ಟರು. ಏನೂ ಕೊಡದ ತುಂಡುಗಳಲ್ಲಿ 30ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಸಾರಜನಕ ಹೆಚ್ಚು ಉಂಡ ತುಂಡುಗಳಲ್ಲಿ ಹುಲ್ಲು ಎತ್ತರಕ್ಕೆ ಬೆಳೆದರೂ ಉಳಿದಿರುವುದು ಕೆಲವೇ ಜಾತಿ. ಸೊಕ್ಕಿದ ಹುಲ್ಲು ಬಿಸಿಲನ್ನೆಲ್ಲ ತಾನೇ ನುಂಗಿ, ಸಣ್ಣ ಗಿಡಗಳನ್ನು ನೆರಳಿನಲ್ಲಿ ಕೊಲ್ಲುತ್ತದೆ.

ಆದ್ದರಿಂದ ಹೂವನ್ನು ಮರಳಿ ತರಬೇಕೆಂದರೆ ಮೊದಲ ಕೆಲಸ ಹುಲ್ಲಿನ ಸೊಕ್ಕು ಇಳಿಸುವುದು. ಗೊಬ್ಬರ ನಿಲ್ಲಿಸಬೇಕು. ಬೇಸಿಗೆಯ ಕೊನೆಯಲ್ಲಿ, ಹೂವು ಬೀಜ ಉದುರಿಸಿದ ಮೇಲೆ, ಹುಲ್ಲು ಕೊಯ್ದು ಹೊರಗೆ ಸಾಗಿಸಬೇಕು. ಅಲ್ಲೇ ಬಿಟ್ಟರೆ ಕೊಳೆತು ಮತ್ತೆ ಗೊಬ್ಬರವೇ ಆಗುತ್ತದೆ.

ಈ ಕೆಲಸದಲ್ಲಿ ನೆರವಾಗುವುದು ‘ಯೆಲ್ಲೋ ರಾಟಲ್’ ಎಂಬ ಹಳದಿ ಹೂವಿನ ಪುಟ್ಟ ಗಿಡ. ಮಾವಿನ ಮರದ ಬಂದಳಿಕೆ ಕೊಂಬೆಯಿಂದ ಹೀರುವಂತೆ ಇದು ಹುಲ್ಲಿನ ಬೇರಿನಿಂದ ನೀರು, ಲವಣ ಹೀರುತ್ತದೆ. ನಮ್ಮ ಜೋಳದ ಬೇರಿಗೆ ಅಂಟುವ ಪರಾವಲಂಬಿ ಕಳೆಯೂ ಇದೇ ಕುಟುಂಬದ್ದು. ಅಲ್ಲಿ ರೈತನಿಗೆ ಶಾಪವಾದದ್ದು ಇಲ್ಲಿ ವರ. ಹುಲ್ಲು ಸೊರಗಿ ಜಾಗ ಬಿಟ್ಟಲ್ಲಿ ಡೈಸಿ, ಕೌಸ್ಲಿಪ್, ಕೆಂಪು ಕ್ಲೋವರ್ ತಲೆ ಎತ್ತುತ್ತವೆ. ಇದರ ಬೀಜ ಮೊಳೆಯಲು ಚಳಿಗಾಲದ ತಣ್ಣನೆ ನೆಲ ಬೇಕು. ಹಾಗಾಗಿ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಮಣ್ಣು ಕಾಣುವಂತೆ ಕೆರೆದು, ಚಳಿಗೆ ಮುಂಚೆಯೇ ಬಿತ್ತುತ್ತಾರೆ.

ಬೀಜ ಎಲ್ಲಿಂದ ತರಬೇಕೆಂಬುದೂ ಮುಖ್ಯ. ರಾಣಿ ಎಲಿಜಬೆತ್ ಪಟ್ಟಾಭಿಷೇಕದ 60ನೇ ವರ್ಷವಾದ 2013ರಲ್ಲಿ, ಆಗ ಯುವರಾಜರಾಗಿದ್ದ ಚಾರ್ಲ್ಸ್ ಅವರ ಆಸಕ್ತಿಯಿಂದ ‘ಕಾರೊನೇಷನ್ ಮೆಡೋಸ್’ ಯೋಜನೆ ಆರಂಭವಾಯಿತು. ಅಳಿದುಳಿದ ಹಳೆಯ ಹುಲ್ಲುಗಾವಲಿನಿಂದ ಬೀಜವನ್ನೋ, ಬೀಜ ಸಹಿತ ಹಸಿಹುಲ್ಲನ್ನೋ ತಂದು ಅದೇ ಸೀಮೆಯ ಬಡ ಹುಲ್ಲುಗಾವಲಿನಲ್ಲಿ ಹರಡುವುದು ಅದರ ಕ್ರಮ. ಆಯಾ ನೆಲಕ್ಕೆ ಆಯಾ ನೆಲದ್ದೇ ಬೀಜ. ಊರಿನಿಂದ ಬರುವವರು ಪ್ರೀತಿಯಿಂದ ಸೂಟ್‌ಕೇಸಿನಲ್ಲಿ ಬಿತ್ತನೆ ಬೀಜ ತರುವುದು ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅದಕ್ಕೆ ಅನುಮತಿಯೂ ಇಲ್ಲ.

ಇನ್ನು ಮುಂದೆ ಇಲ್ಲಿಗೆ ಬಂದಾಗ ಉದ್ಯಾನದ ಮೂಲೆಯಲ್ಲೋ ಮಕ್ಕಳ ಹಿತ್ತಿಲಲ್ಲೋ ಹುಲ್ಲು ಮೊಣಕಾಲುದ್ದ ಬೆಳೆದದ್ದು ಕಂಡರೆ ಸೋಮಾರಿತನವೆಂದು ಬೈಯಬೇಡಿ. ಬೇಕೆಂದೇ ಬಿಟ್ಟಿರಬಹುದು.

ಒಮ್ಮೆ ಹೋದ ಹುಲ್ಲುಗಾವಲನ್ನು ಮರಳಿ ಕಟ್ಟಲು ವರ್ಷಗಟ್ಟಲೆ ದುಡಿಯಬೇಕು ಎಂಬುದನ್ನು ನಾವು ಇಲ್ಲಿ ನೋಡುತ್ತಿದ್ದೇವೆ. ಊರಿನಲ್ಲಿ ಇನ್ನೂ ಉಳಿದಿರುವುದಿದೆ. ಕುದುರೆಮುಖ, ಬಾಬಾಬುಡನ್‌ಗಿರಿಯ ಶೋಲಾ ಕಾಡುಗಳ ನಡುವಿನ ಹುಲ್ಲುಬೆಟ್ಟಗಳಿವೆ, ಬಯಲುಸೀಮೆಯ ಅಮೃತಮಹಲ್ ಕಾವಲುಗಳಿವೆ. ಪಶ್ಚಿಮಘಟ್ಟದ ಇಂಥ ನೆಲಗಳಲ್ಲಿ ಕೆಲವೆಡೆ ಅಕೇಶಿಯಾ, ನೀಲಗಿರಿ ನೆಟ್ಟದ್ದಾಯಿತು. ಚಳ್ಳಕೆರೆಯ ಕಾವಲಿನ ದೊಡ್ಡ ಭಾಗ ಬೇರೆ ಯೋಜನೆಗಳ ಪಾಲಾಯಿತು. ಮರವಿಲ್ಲದ ನೆಲವೆಲ್ಲ ಪಾಳು ಎಂದು ಬರೆದುಬಿಡುವ ಮುನ್ನ, ಮಳೆಗಾಲದಲ್ಲಿ ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಎಷ್ಟು ಬಗೆಯ ಹೂವಿದೆ ಎಂದು ಎಣಿಸಿ ನೋಡಿ.